ಹಳೇ ಜೀಪು: ಬಜರ್ ಕೂಗಾಟದ ಮೂಲ ಸಿಕ್ಕಿತು

ಬ್ರೇಕ್ ಕೆಲಸ ಮುಗೀತು ಅಂತ ಹಿಂದಿನ ಸಲ ಬರೆದಿದ್ದೆ. ಈ ಸಲ ಪೂರ್ತಿ ಬಜರ್‌ನದೇ ವಿಷಯ, ಆಯಿಲ್ ಪ್ರೆಶರ್ ಬಿದ್ದರೆ ಇಲ್ಲವೇ ಎಂಜಿನ್ ಮಿತಿ ಮೀರಿ ಕಾದರೆ ಕೂಗಿ ಎಚ್ಚರಿಸುವ ಬಜರ್.

ಮಳಖೇಡದ ಹತ್ತಿರ ಸಿಮೆಂಟ್ ಲಾರಿಗಳ ಸಾಲಿನ ಹಿಂದೆ ನಿಂತಾಗ ಶುರುವಾಯಿತು. ಎಂಜಿನ್ ಚೆನ್ನಾಗಿ ಕಾದಿತ್ತು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ನಿಧಾನ ಓಡುವಾಗ, ಬಜರ್ ಒಂದೇ ಸಮ ಕೂಗಿತು. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ಗಪ್, ಬಿಟ್ಟರೆ ಮತ್ತೆ ಕೂಗು. ಹಳೇ ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಇದು ಕೇಳಿದ ಕೂಡಲೇ ಎದೆ ಧಸಕ್ ಅನ್ನುತ್ತದೆ: ಕಾದ ಆಯಿಲ್ ತೆಳ್ಳಗಾಗಿ ಪ್ರೆಶರ್ ನಿಲ್ಲುತ್ತಿಲ್ಲ, ಅಂದರೆ ಬೇರಿಂಗ್ ಸವೆದಿರಬೇಕು, ಇಲ್ಲವೇ ಆಯಿಲ್ ಪಂಪ್. ಅಲ್ಲೇ ಬದಿಗೆ ಹಾಕಿ ಆಫ್ ಮಾಡಿದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮೇಲಿನ ಗೆರೆಗೇ ಇತ್ತು. ಆದರೂ ಓಡಿಸಲಿಲ್ಲ, ಟ್ರ್ಯಾಕ್ಟರ್‌ಗೆ ಕಟ್ಟಿಸಿಕೊಂಡು ಕಲಬುರಗಿಗೆ ತಂದೆ.

ದಾರಿಯಲ್ಲಿ ಒಬ್ಬರು, "ವೈರ್ ಕಿತ್ತಿ ಒಗೀರಿ ಸರ, ಕಿರಿಕಿರಿ ಹೋಗ್ತದ" ಅಂದರು. ಹಳೇ ಗಾಡಿಗಳಲ್ಲಿ ಇದನ್ನೇ ಮಾಡಿರುವುದನ್ನು ಬಹಳ ಕಡೆ ಕಂಡಿದ್ದೇನೆ. ಆಯಿಲ್ ಪ್ರೆಶರ್ ಬಿದ್ದ ಎಂಜಿನ್ ಕೆಡಲು ಕೆಲವೇ ನಿಮಿಷ ಸಾಕು. ಗೇಜ್ ಹಾಕಿ ಅಳೆಯುವವರೆಗೂ ಬಜರ್ ಹೇಳಿದ್ದೇ ನಿಜ ಅಂತ ನಡೆಯಬೇಕು ಅನ್ನುವುದು ನನ್ನ ಪಕ್ಕಾ ಅಭಿಪ್ರಾಯ.

ಈ ಜೀಪಿನಲ್ಲಿ ಒಂದೇ ಬಜರ್, ಅದಕ್ಕೆ ಎರಡು ಸ್ವಿಚ್ಚು. ಟ್ರ್ಯಾಕ್ಟರ್, ಜನರೇಟರ್, ದೋಣಿಗಳ ಸಣ್ಣ ಡೀಸೆಲ್ ಎಂಜಿನ್‌ಗಳಲ್ಲೂ ಇದೇ ಬಗೆಯ ಏರ್ಪಾಡು ಕಾಣಸಿಗುತ್ತದೆ. ಬಜರ್‌ಗೆ ಕೀಯಿಂದ ಪ್ಲಸ್ ಬರುತ್ತದೆ, ಎರಡು ಸ್ವಿಚ್ಚುಗಳೂ ಮುಚ್ಚಿದಾಗ ಮೈನಸ್ ಕಡೆಯನ್ನು ಗಾಡಿಯ ಲೋಹದ ಬಾಡಿಗೆ ಸೇರಿಸುತ್ತವೆ, ಇದನ್ನೇ ಅರ್ಥ್ ಅನ್ನುವುದು. ಆಯಿಲ್ ಸ್ವಿಚ್ಚು ಪ್ರೆಶರ್ ಇಲ್ಲದಾಗ ಮುಚ್ಚಿರುತ್ತದೆ, ಪ್ರೆಶರ್ ಬಂದ ಕೂಡಲೇ ತೆರೆದುಕೊಳ್ಳುತ್ತದೆ. ಟೆಂಪರೇಚರ್ ಸ್ವಿಚ್ಚು ಇದಕ್ಕೆ ಉಲ್ಟಾ: ತಣ್ಣಗಿದ್ದಾಗ ತೆರೆದಿರುತ್ತದೆ, ಬಿಸಿ ಮಿತಿ ಮೀರಿದರೆ ಮುಚ್ಚುತ್ತದೆ. ಹಾಗಾಗಿ ಸ್ಟಾರ್ಟ್ ಮಾಡುವ ಮೊದಲು ಕೀ ತಿರುಗಿಸಿದಾಗ ಬಜರ್ ಕೂಗಲೇಬೇಕು, ಅದೇ ಅದರ ದಿನದ ಪರೀಕ್ಷೆ. ನಮ್ಮದು ಬೆಳಗ್ಗೆ ಒಮ್ಮೆ ಕೂಗುತ್ತಿತ್ತು, ಒಮ್ಮೆ ಇಲ್ಲ. ಈ ಮಾತು ನೆನಪಿರಲಿ.

ರಿಂಗ್ ರೋಡಿನ ಮಿಸ್ತ್ರಿ ಕಾಕಾ ತಮ್ಮ ಮೆಕ್ಯಾನಿಕಲ್ ಗೇಜ್ ತಂದರು. "ಮೊದಲ ಪ್ರೆಶರ್ ನೋಡು ತಮ್ಮಾ, ಆಮ್ಯಾಲ ವೈರ್ ಹುಡುಕು" ಅನ್ನುವುದು ಅವರ ಪದ್ಧತಿ. ಆಯಿಲ್ ಸ್ವಿಚ್ಚು ಬಿಚ್ಚಿ ಆ ತೂತಿಗೆ T ಆಕಾರದ ಕವಲು ಜೋಡಣೆ ಹಾಕಿ, ಒಂದು ಕಡೆ ಗೇಜ್, ಇನ್ನೊಂದು ಕಡೆ ಅದೇ ಸ್ವಿಚ್ಚು. ತಣ್ಣಗಿದ್ದಾಗ ಪ್ರೆಶರ್ 4 ಬಾರ್. ಅಂಗಳದ ಶಹಾಬಾದ್ ಫರ್ಸಿ ಕಾದು ಚಪ್ಪಲಿ ಸುಡುವಂಥ ಮಧ್ಯಾಹ್ನ ಅರ್ಧ ತಾಸು ಓಡಿಸಿದ ಮೇಲೆ ಐಡಲ್‌ನಲ್ಲಿ 1.3, 2000 ಆರ್‌ಪಿಎಂನಲ್ಲಿ 3ಕ್ಕಿಂತ ತುಸು ಮೇಲೆ. ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ಇದ್ದರೆ ಸಾಕು ಅನ್ನುವ ರೂಢಿಯ ಲೆಕ್ಕ ಹಿಡಿದರೆ ಎಂಜಿನ್ ಗಟ್ಟಿಯಾಗಿದೆ. ಮುಳ್ಳು 1.3ರಲ್ಲಿ ಅಲುಗಾಡದೆ ನಿಂತಿದ್ದಾಗಲೇ ಬಜರ್ ಕೂಗಿತು! ಆಗ ನನಗಾದ ಸಮಾಧಾನ ಅಷ್ಟಿಷ್ಟಲ್ಲ.

ಕೂಗುತ್ತಿರುವಾಗಲೇ ಆಯಿಲ್ ಸ್ವಿಚ್ಚಿನ ವೈರ್ ಕಿತ್ತೆ. ಕೂಗು ನಿಲ್ಲಲಿಲ್ಲ. ಟೆಂಪರೇಚರ್ ಸ್ವಿಚ್ಚಿನ ವೈರ್ ಕಿತ್ತೆ, ಆಗಲೂ ನಿಲ್ಲಲಿಲ್ಲ. ಹಾಗಾದರೆ ವೈರೇ ಎಲ್ಲೋ ಬಾಡಿಗೆ ತಾಗುತ್ತಿದೆ. ಟಾರ್ಚ್ ಹಿಡಿದು ಬೆರಳಲ್ಲಿ ಸವರುತ್ತಾ ಹೋದಾಗ ಥರ್ಮೋಸ್ಟಾಟ್ ಹೌಸಿಂಗ್ ಪಕ್ಕದ ಬ್ರಾಕೆಟ್ ಹತ್ತಿರ ಸಿಕ್ಕಿತು: ಟೆಂಪರೇಚರ್ ವೈರಿನ ಪ್ಲಾಸ್ಟಿಕ್ ಬೆಂದು ಹಪ್ಪಳದಂತೆ ಒಡೆದಿತ್ತು, ಒಳಗಿನ ತಾಮ್ರ ಬೆರಳಿನ ಉಗುರಿನಷ್ಟು ಉದ್ದ ಬೆತ್ತಲೆ. ಬ್ರಾಕೆಟ್ ಅಂಚಿನಲ್ಲಿ ಅದು ತಾಗಿದ ಜಾಗ ಫಳಫಳ ಹೊಳೆಯುತ್ತಿತ್ತು. ಐಡಲ್‌ನಲ್ಲಿ ವೈರ್ ಜೋತು ಬ್ರಾಕೆಟ್‌ಗೆ ತಾಗುತ್ತದೆ, ರೇಸ್ ಮಾಡಿದರೆ ಫ್ಯಾನಿನ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಆಯಿಲ್ ಪ್ರೆಶರ್ ಬಿದ್ದಾಗಿನ ಲಕ್ಷಣವೇ, ತಪ್ಪದೆ.

ಆ ತುಂಡು ಕತ್ತರಿಸಿ ಹೊಸ ವೈರ್ ಹಾಕಿ, ಶಾಖ ತಡೆಯುವ ಸ್ಲೀವ್ ತೊಡಿಸಿ, ಬ್ರಾಕೆಟ್‌ನಿಂದ ದೂರ ಕ್ಲಿಪ್ ಮಾಡಿದೆ. ಎಲ್ಲ ವೈರ್ ಸೇರಿಸಿ ಕೀ ತಿರುಗಿಸಿದೆ. ಪೂರ್ತಿ ಮೌನ. ನಾನು ಖುಷಿಯಲ್ಲಿದ್ದೆ, ಕಾಕಾ ಮುಖ ಗಂಟಿಕ್ಕಿದರು: "ತಮ್ಮಾ, ಕೀ ಹಾಕಿದ ಮ್ಯಾಲ ಕೂಗಬೇಕಲ್ಲಪ್ಪಾ, ಇದ್ಯಾಕ ಸುಮ್ಮ ಅದ?"

ಹೌದಲ್ಲ! ಎಂಜಿನ್ ನಿಂತಿದೆ, ಪ್ರೆಶರ್ ಸೊನ್ನೆ, ಆಯಿಲ್ ಸ್ವಿಚ್ಚು ಮುಚ್ಚಿರಬೇಕು. ಅದರ ವೈರನ್ನು ಬಾಡಿಗೆ ಮುಟ್ಟಿಸಿದರೆ ಬಜರ್ ಕೂಗಿತು, ಅಂದರೆ ವೈರೂ ಬಜರ್ರೂ ಸರಿ. ಸ್ವಿಚ್ಚಿನ ಟರ್ಮಿನಲ್‌ನಿಂದ ಅದರ ಮೈಗೆ ಮಲ್ಟಿಮೀಟರ್ ಹಿಡಿದರೆ ಸಂಪರ್ಕವೇ ಇಲ್ಲ. ಸ್ವಿಚ್ಚು ಸತ್ತಿತ್ತು. ಇಷ್ಟು ದಿನ ಬೆಳಗ್ಗೆ ಆಗೊಮ್ಮೆ ಈಗೊಮ್ಮೆ ಕೇಳುತ್ತಿದ್ದ ಕೂಗೆಲ್ಲ ಆ ಹರಿದ ವೈರಿನದೇ. ನಿಜವಾಗಿ ಪ್ರೆಶರ್ ಬಿದ್ದಿದ್ದರೆ ಈ ಜೀಪು ತುಟಿ ಪಿಟಕ್ ಅನ್ನುತ್ತಿರಲಿಲ್ಲ. ಅದನ್ನು ನೆನೆದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಹೊಸ ಸ್ವಿಚ್ಚು ತರುವಾಗ ಹಳೆಯದನ್ನು ಕೈಯಲ್ಲೇ ಒಯ್ದು ಥ್ರೆಡ್ ತಾಳೆ ನೋಡಿ, ಒಂದೇ ಥರ ಕಾಣುವ ಬೇರೆ ಬೇರೆ ಥ್ರೆಡ್‌ಗಳಿವೆ. ಟೆಫ್ಲಾನ್ ಟೇಪ್ ದಪ್ಪಗೆ ಸುತ್ತಬೇಡಿ, ಒಂದೇ ಟರ್ಮಿನಲ್‌ನ ಸ್ವಿಚ್ಚಿಗೆ ಅರ್ಥ್ ಸಿಗುವುದೇ ಥ್ರೆಡ್‌ನಿಂದ.

ಟೆಂಪರೇಚರ್ ಸ್ವಿಚ್ಚನ್ನೂ ಬಿಡಲಿಲ್ಲ. ಪಾತ್ರೆಯ ತಳಕ್ಕೆ ತಾಗದಂತೆ ದಾರದಲ್ಲಿ ಇಳಿಬಿಟ್ಟು ನೀರು ಕುದಿಸಿದೆ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ನೀರು 98.5 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಸ್ವಿಚ್ಚಿನ ಮೇಲೆ 95 ಅಂತಿದೆ. ಕುದಿ ಬರುವ ಹೊತ್ತಿಗೆ ಮೀಟರ್ ಬೀಪ್ ಅಂದಿತು. ನಿಮ್ಮದರ ಮೇಲೆ 100ಕ್ಕಿಂತ ಹೆಚ್ಚು ಬರೆದಿದ್ದರೆ ಬರೀ ನೀರಲ್ಲಿ ಈ ಪರೀಕ್ಷೆ ಆಗದು.

ಯಾವ ಸ್ವಿಚ್ಚು ಕೂಗಿಸುತ್ತಿದೆ ಅಂತ ತಿಳಿಯಲು ಈಗ ಡ್ಯಾಶ್‌ಬೋರ್ಡಿನಲ್ಲಿ ಎರಡು ದೀಪ ಕೂರಿಸಿದ್ದೇನೆ, ಆಯಿಲ್‌ಗೆ ಕೆಂಪು, ಬಿಸಿಗೆ ಹಳದಿ. ಒಂದರ ಅರ್ಥ್ ಇನ್ನೊಂದರ ದೀಪ ಹೊತ್ತಿಸಬಾರದಲ್ಲ, ಅದಕ್ಕೆ ಬಜರ್‌ನ ಮೈನಸ್‌ನಿಂದ ಪ್ರತಿ ಸ್ವಿಚ್ಚಿಗೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಒಂದೊಂದು 1ಎನ್4007 ಡಯೋಡ್, ಬೆಳ್ಳಿ ಪಟ್ಟಿ ಸ್ವಿಚ್ಚಿನ ಕಡೆಗೆ. ಕೀ ತಿರುಗಿಸಿದರೆ ಕೆಂಪು ಹೊತ್ತಿ ಬಜರ್ ಕೂಗುತ್ತದೆ, ಸ್ಟಾರ್ಟ್ ಆದ ಕೂಡಲೇ ಎರಡೂ ಬಂದ್.

ಒಂದು ಕೊರತೆ ಉಳಿದಿದೆ. ಎಂಜಿನ್ ತಣ್ಣಗಿಡುವ ಕೂಲೆಂಟ್ ದ್ರವ ಪೂರ್ತಿ ಸೋರಿಹೋದರೆ ಟೆಂಪರೇಚರ್ ಸ್ವಿಚ್ಚು ಬರೀ ಗಾಳಿಯಲ್ಲಿ ಉಳಿದು ತಡವಾಗಿ ಎಚ್ಚರಿಸುತ್ತದೆ. ರೇಡಿಯೇಟರ್ ಮೇಲಿನ ಟ್ಯಾಂಕಿಗೆ ಮಟ್ಟ ತಿಳಿಸುವ ಸೆನ್ಸರ್ ಹಾಕುವುದು ಮುಂದಿನ ಕೆಲಸ. ಅದಾದ ಮೇಲೆಯೇ ಚಿಂಚೋಳಿ ಕಡೆ, ಚಂದ್ರಂಪಳ್ಳಿ ಡ್ಯಾಮಿಗೆ.