ನುಸಿಗುಳಿಗೆ ಎಲ್ಲಿ ಹೋಯ್ತು?

ಬೀರು ತೆಗೆದರೆ ಗೋಲಿಯಷ್ಟಿದ್ದ ನುಸಿಗುಳಿಗೆ ಇವತ್ತು ಮಣಿಯಷ್ಟಾಗಿದೆ. ಬಟ್ಟೆ ಮೇಲೆ ಒಂದು ಕಲೆಯೂ ಇಲ್ಲ. ಕರಗದೆ ನೇರ ಆವಿ. ಸಬ್ಲಿಮೇಶನ್, ನಮ್ಮ ಪಠ್ಯದ ಉತ್ಪತನ.

ಲ್ಯಾಬಿನಲ್ಲಾದರೆ ಆ ಆವಿಯನ್ನು ಹಿಡಿಯಬಹುದು. ಪಿಂಗಾಣಿ ಬಟ್ಟಲಲ್ಲಿ ನುಸಿಗುಳಿಗೆಯ ನ್ಯಾಫ್ತಲೀನ್, ಮೇಲೆ ಬೋರಲು ಆಲಿಕೆ, ಅದರ ಕೊಳವೆಗೆ ಹತ್ತಿ. ಆವಿ ತಣ್ಣನೆಯ ಆಲಿಕೆಗೆ ತಾಗಿ ಹರಳಾಗುತ್ತೆ. ಉರಿ ಸಣ್ಣಗಿರಬೇಕು, 80 ಡಿಗ್ರಿ ದಾಟಿದರೆ ಕರಗಿಬಿಡುತ್ತೆ. ಹತ್ತಿ ಮರೆತರೆ ಹರಳು ಹೋಗಿ ಬರೀ ವಾಸನೆ ಉಳಿಯುತ್ತೆ!

ಸಬ್ಲಿಮೇಶನ್ ಪದ ಲ್ಯಾಟಿನ್ನಿನದು, ಮೇಲಕ್ಕೆತ್ತು ಅಂತ. ರಸವಾದಿಗಳು ಬಳಸಿ ಸವೆಸಿದ್ದನ್ನು ಮನೋವಿಶ್ಲೇಷಕ ಫ್ರಾಯ್ಡ್ 1905ರ ಲೈಂಗಿಕತೆಯ ಪ್ರಬಂಧಗಳಲ್ಲಿ ಮನಸ್ಸಿಗೆ ಹಚ್ಚಿದ: ಕಾಮದ ಒತ್ತಡ ಅದುಮಿಡದೆ ಕಲೆಯತ್ತ, ಕಲಿಕೆಯತ್ತ ತಿರುಗುವುದು. ಕನ್ನಡದಲ್ಲಿ ಉದಾತ್ತೀಕರಣ. ಹೋಲಿಕೆ ಅರ್ಧವೇ ಸರಿ ಅನ್ನಿ. ಆಲಿಕೆಗೆ ಅಂಟಿದ ಬಿಳಿ ಹರಳು ಮತ್ತದೇ ನ್ಯಾಫ್ತಲೀನ್, ಕಾಮ ಮಾತ್ರ ಬೇರೆಯದೇ ರೂಪ ತಾಳುತ್ತೆ.