ಮಾವಿನ ತೋಟದ ಪುಟ್ಟ ರೈಲು: ಮಳೆಯ ನಂತರದ ಹಳಿ ದುರಸ್ತಿ

ಶ್ರೀನಿವಾಸಪುರ ತಾಲ್ಲೂಕಿನ ನಮ್ಮ ಮಾವಿನ ತೋಟದಲ್ಲಿ ಗೆಳೆಯರೆಲ್ಲ ಸೇರಿ ಹಾಕಿರುವ ಏಳೂಕಾಲು ಇಂಚಿನ, ಅಂದರೆ 184 ಮಿ.ಮೀ. ಗೇಜಿನ (ಎರಡು ಹಳಿಗಳ ನಡುವಿನ ಅಂತರ) ಹಳಿಗೆ ಈ ವರ್ಷ ಮಾಡಬೇಕಿದ್ದ ದೊಡ್ಡ ದುರಸ್ತಿ ಬಹುಮಟ್ಟಿಗೆ ಮುಗಿದಿದೆ. ಕೋಲಾರದ ಕಡೆ ಮಳೆಯ ಜೋರು ಕಾಣುವುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ಆ ಮಳೆ ನಿಂತು, ನೆಲದಲ್ಲಿ ಇನ್ನೂ ಹದ ಉಳಿದಿರುವಾಗಲೇ ಹಳಿಯ ಕೆಲಸಕ್ಕೆ ಕೈ ಹಾಕಬೇಕು. ಫೆಬ್ರವರಿಯವರೆಗೆ ಕಾದರೆ ಕೆಮ್ಮಣ್ಣು ಹಾರೆಗೂ ಜಗ್ಗುವುದಿಲ್ಲ. ಜೊತೆಗೆ, ನೀರು ಎಲ್ಲಿ ನಿಂತಿತ್ತು ಎಂಬ ಗುರುತೂ ಅಷ್ಟರಲ್ಲಿ ಅಳಿಸಿಹೋಗಿರುತ್ತದೆ.

ಇಂತಹ ಹಳಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನ ಬೇಡುವುದು ಅಡ್ಡಮಟ್ಟ, ಅಂದರೆ ಎಡ ಮತ್ತು ಬಲ ಹಳಿಗಳ ಎತ್ತರದ ವ್ಯತ್ಯಾಸ. ನಮ್ಮ ಗೇಜು 1676 ಮಿ.ಮೀ. ಬ್ರಾಡ್‌ಗೇಜಿನ ಒಂಬತ್ತನೆಯ ಒಂದು ಭಾಗದಷ್ಟಿದೆ. ಆದರೆ ಅದರ ಮೇಲೆ ಕುಳಿತುಕೊಳ್ಳುವ ಮನುಷ್ಯ ಒಂಬತ್ತನೆಯ ಒಂದು ಭಾಗಕ್ಕೆ ಇಳಿಯುವುದಿಲ್ಲ. ಎಪ್ಪತ್ತು ಕಿಲೋ ತೂಕದ ಒಬ್ಬರು ಗಾಡಿಯ ಮೇಲೆ ಕುಳಿತಾಗ ಒಟ್ಟು ಭಾರದ ಕೇಂದ್ರ ಗೇಜಿನ ಅಗಲಕ್ಕಿಂತ ಬಹಳ ಮೇಲಕ್ಕೆ ಹೋಗುತ್ತದೆ. ಅಡ್ಡಮಟ್ಟದಲ್ಲಿ 1 ಮಿ.ಮೀ. ವ್ಯತ್ಯಾಸವಾದರೆ ಗಾಡಿ ಸುಮಾರು 0.3 ಡಿಗ್ರಿ ವಾಲುತ್ತದೆ; ಅಷ್ಟೇ ವಾಲು ಬ್ರಾಡ್‌ಗೇಜಿನಲ್ಲಿ ಬರಬೇಕಾದರೆ ಹಳಿ 9 ಮಿ.ಮೀ. ಕುಸಿಯಬೇಕು. ಇಡೀ ಹಳಿ ಒಂದೇ ಸಮನೆ ವಾಲಿದ್ದರೆ ಅಷ್ಟೇನೂ ಅಪಾಯವಿಲ್ಲ. ಅಪಾಯವಿರುವುದು ತಿರುಚಿನಲ್ಲಿ: ಅರ್ಧ ಮೀಟರಿನೊಳಗೆ ಒಂದು ಕಡೆಯ ಹಳಿ ತಗ್ಗಿ ಮತ್ತೆ ಮೇಲೆದ್ದರೆ ಬೋಗಿಯ (ಗಾಡಿಯ ಕೆಳಗೆ ಚಕ್ರಗಳನ್ನು ಹಿಡಿದಿರುವ ಚೌಕಟ್ಟು) ನಾಲ್ಕು ಚಕ್ರಗಳಲ್ಲಿ ಒಂದರ ಮೇಲಿನ ಭಾರ ಇಳಿಯುತ್ತದೆ, ಮತ್ತು ತಿರುವಿನಲ್ಲಿ ಆ ಹಗುರಾದ ಚಕ್ರದ ಫ್ಲ್ಯಾಂಜ್ (ಚಕ್ರ ಹಳಿಯಿಂದ ಜಾರದಂತೆ ತಡೆಯುವ ಅಂಚು) ಹಳಿಯ ಮೇಲೇರುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಆದ್ದರಿಂದ ಮೊದಲ ವಾರವೆಲ್ಲ ಅಳತೆಗೇ ಹೋಯಿತು. ಡಿಜಿಟಲ್ ರಸಮಟ್ಟವನ್ನು ಕೂರಿಸಿದ ಪುಟ್ಟ ತಳ್ಳುಗಾಡಿಯೊಂದನ್ನು ನಮ್ಮೂರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿಕೊಂಡಿದ್ದೇವೆ. ಪ್ರತಿ ಅರ್ಧ ಮೀಟರಿಗೆ ಹಳಿಯ ಮೇಲೆ ಸೀಮೆಸುಣ್ಣದ ಗುರುತು ಹಾಕಿ, ಗೇಜು ಮತ್ತು ಅಡ್ಡಮಟ್ಟ ಎರಡನ್ನೂ ಪುಸ್ತಕದಲ್ಲಿ ಬರೆದುಕೊಳ್ಳುತ್ತೇವೆ. ಪಕ್ಕಪಕ್ಕದ ಎರಡು ಗುರುತುಗಳ ನಡುವೆ ಅಡ್ಡಮಟ್ಟ 2 ಮಿ.ಮೀ.ಗಿಂತ ಹೆಚ್ಚು ಬದಲಾದರೆ ಆ ಜಾಗವನ್ನು ಸರಿಪಡಿಸುವವರೆಗೆ ಮಕ್ಕಳನ್ನು ಹತ್ತಿಸುವುದಿಲ್ಲ ಎಂಬುದು ನಾವೇ ಹಾಕಿಕೊಂಡ ನಿಯಮ. ಈ ಸಲ ಅಂತಹ ಜಾಗಗಳು ಹೆಚ್ಚು ಸಿಗಲಿಲ್ಲ. ಆದರೆ ಉತ್ತರದ ತಿರುವಿನಲ್ಲಿ ಒಳ ಹಳಿಯ ಒಂದು ಜೋಡಣೆ 5 ಮಿ.ಮೀ. ಕುಸಿದಿತ್ತು.

ಅದೇ ಜೋಡಣೆ ಕಳೆದ ವರ್ಷವೂ ಕುಸಿದಿತ್ತು. ಜಲ್ಲಿ ತುಂಬಿ ಮೇಲೆತ್ತಿದ್ದ ಹಳಿ ಮತ್ತೆ ಅಲ್ಲೇ ಇಳಿದಿದೆಯೆಂದರೆ ಕಾರಣ ಜಲ್ಲಿಯಲ್ಲಿಲ್ಲ, ಅದರ ಕೆಳಗಿದೆ. ಈ ಸಲ ಅಲ್ಲಿನ ಹಳಿಯ ತುಂಡನ್ನು ಪೂರ್ತಿ ಬಿಚ್ಚಿ ಪಕ್ಕಕ್ಕಿಟ್ಟು ಮೊಣಕಾಲುದ್ದ ಅಗೆದೆವು. ಮೇಲಿನ ಜಲ್ಲಿ ಚೊಕ್ಕಟವಾಗಿಯೇ ಇತ್ತು, ತಳದ ಜಲ್ಲಿ ಮಾತ್ರ ಕೆಸರಿನಲ್ಲಿ ಮುಳುಗಿ ಒಂದಕ್ಕೊಂದು ಅಂಟಿಕೊಂಡಿತ್ತು. ಹಳಿಯ ಅಡಿಯಲ್ಲಿ ಹಾಯಿಸಿದ್ದ ಡ್ರಿಪ್ ಪೈಪಿನ ಜೋಡಣೆ ಸಡಿಲವಾಗಿ, ತೋಟಕ್ಕೆ ನೀರು ಬಿಟ್ಟಾಗಲೆಲ್ಲ ಸ್ವಲ್ಪ ಸ್ವಲ್ಪವೇ ಸೋರಿ, ಒಳಗಿನ ಕೆಮ್ಮಣ್ಣು ಎಂದೂ ಒಣಗದಂತಾಗಿತ್ತು. ನೆನೆದ ಮಣ್ಣಿನ ಮೇಲೆ ಗಾಡಿ ಹಾದಾಗ ಸ್ಲೀಪರ್ (ಹಳಿಗಳನ್ನು ಹೊತ್ತ ಅಡ್ಡಪಟ್ಟಿ) ಕೆಳಗೆ ಒತ್ತಿ ಮೇಲೇಳುತ್ತದೆ. ಪ್ರತಿ ಸಲವೂ ಸಣ್ಣ ಮಣ್ಣು ನೀರಿನೊಂದಿಗೆ ಜಲ್ಲಿಯ ಸಂದಿಗೆ ಏರಿ, ಜಲ್ಲಿ ಮಣ್ಣಿನೊಳಕ್ಕೆ ಇಳಿಯುತ್ತದೆ. ಹೀಗಿರುವಲ್ಲಿ ಮೇಲಿನಿಂದ ಎಷ್ಟು ಜಲ್ಲಿ ಸುರಿದರೂ ಅದು ಕೆಸರಿನ ಪಾಲಾಗುತ್ತದೆ. ಹಳಿಯನ್ನು ಕೆಡಿಸುವುದರಲ್ಲಿ ಗಾಡಿಯ ಭಾರಕ್ಕಿಂತ ನೀರಿನ ಪಾಲೇ ದೊಡ್ಡದು ಎಂದು ನಾನು ದೃಢವಾಗಿ ನಂಬುತ್ತೇನೆ.

ಕೆಸರನ್ನೆಲ್ಲ ತೆಗೆದುಹಾಕಿದೆವು. ಡ್ರಿಪ್ ಪೈಪನ್ನು ಜೋಡಣೆಯಿಲ್ಲದ ಒಂದೇ ತುಂಡಾಗಿ ಎಳೆದು, ಅದನ್ನು ಎರಡು ಇಂಚಿನ ಪಿ.ವಿ.ಸಿ. ಕೊಳವೆಯೊಳಗೆ ತೂರಿಸಿದ್ದರಿಂದ ಇನ್ನು ಸೋರಿದರೂ ನೀರು ಹಳಿಯಿಂದ ಆಚೆಗೆ ಬೀಳುತ್ತದೆ. ತಳವನ್ನು ಹೊರಗಿನ ಚರಂಡಿಯ ಕಡೆಗೆ ಇಳಿಜಾರು ಮಾಡಿ, ದಮ್ಮಸು ಹೊಡೆದು, ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿದೆವು. ಅದು ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ. ಅದರ ಮೇಲೆ 12 ಮಿ.ಮೀ. ಜಲ್ಲಿ. 20 ಮಿ.ಮೀ. ಜಲ್ಲಿ ನಮ್ಮ ಸಣ್ಣ ಸ್ಲೀಪರುಗಳ ಕೆಳಗೆ ಸರಿಯಾಗಿ ಕೂರುವುದಿಲ್ಲ. ಕ್ರಷರಿನ ಪುಡಿ ಅಗ್ಗವಾದರೂ ನೀರು ಹಿಡಿಯುತ್ತದೆ, ಅದನ್ನು ಯಾರೂ ಹಳಿಯ ಕೆಳಗೆ ಹಾಕಬಾರದು. ಲೋಡಿನಲ್ಲಿ ಬಂದ ಜಲ್ಲಿಯಲ್ಲೂ ಪುಡಿ ಇದ್ದೇ ಇರುತ್ತದೆ. ಟೊಮೆಟೊ ಕ್ರೇಟುಗಳ ತಳಕ್ಕೆ ಹಳೆಯ ಶೇಡ್‌ನೆಟ್ ಹಾಸಿ, ಅದರಲ್ಲಿ ಜಲ್ಲಿ ತುಂಬಿ, ಪೈಪಿನಿಂದ ನೀರು ಹಾಯಿಸಿ ತೊಳೆದೇ ಹಾಕಿದೆವು.

ಪ್ಯಾಕಿಂಗ್, ಅಂದರೆ ಸ್ಲೀಪರಿನ ಕೆಳಗೆ ಜಲ್ಲಿ ಬಡಿದು ಬಿಗಿಯುವ ಕೆಲಸ, ಮಾಡುವಾಗ ಪಕ್ಕದ ಊರಿನ ನಿವೃತ್ತ ಕೀಮನ್ (ರೈಲ್ವೆಯಲ್ಲಿ ಹಳಿಯನ್ನು ನೋಡಿಕೊಳ್ಳುವವರು) ಒಬ್ಬರು ಬಂದು ನಿಂತು ಹೇಳಿಕೊಟ್ಟರು. ಬಂಗಾರಪೇಟೆಯಿಂದ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದ 762 ಮಿ.ಮೀ. ನ್ಯಾರೋಗೇಜ್ ಹಳಿಯಲ್ಲಿ ಕೆಲಸ ಮಾಡಿದವರು ಅವರು; ಕೋಲಾರ–ಚಿಕ್ಕಬಳ್ಳಾಪುರದ ಆ ಮಾರ್ಗ ಬ್ರಾಡ್‌ಗೇಜಾಗಿ ಮತ್ತೆ ತೆರೆದದ್ದು 2013ರಲ್ಲಿ. ನಮ್ಮ ಹುಡುಗನೊಬ್ಬ ಸ್ಲೀಪರಿನ ಉದ್ದಕ್ಕೂ ಒಂದೇ ಸಮ ಜಲ್ಲಿ ಬಡಿಯುತ್ತಿದ್ದುದನ್ನು ನೋಡಿ, “ಹಂಗಲ್ಲಪ್ಪಾ, ಹಳಿ ಕೂರೋ ಜಾಗದಾಗೆ ಎರಡೂ ಕಡೆಯಿಂದ ಬಿಗೀಬೇಕು, ಮಧ್ಯ ಸಡ್ಲ ಬಿಡು. ಮಧ್ಯ ಬಿಗಿದ್ರೆ ಸ್ಲೀಪರು ಏತದ ಥರ ತೂಗಾಡ್ತದೆ” ಎಂದರು. “ಆಯ್ತು ತಾತ” ಎಂದು ಅವನು ಹಾಗೆಯೇ ಮಾಡಿದ. ಹಳಿಯ ಕೆಳಗೆ ಎರಡೂ ಬದಿಯಿಂದ ಓರೆಯಾಗಿ, ಚಪ್ಪಟೆ ತುದಿಯ ಸಣ್ಣ ಹಾರೆಯಿಂದ ಹೊಡೆದು, ಮೇಲೆ ಕಬ್ಬಿಣದ ಚೂರುಗಳನ್ನು ತುಂಬಿದ ಗಾಡಿಯನ್ನು ಹಲವು ಸಲ ಓಡಿಸಿ, ಇಳಿದಷ್ಟನ್ನು ಮತ್ತೆ ಎತ್ತಿದೆವು.

ಹಳೆಯ ನೀಲಗಿರಿ ಮರದ ಸ್ಲೀಪರುಗಳಲ್ಲಿ ಗೆದ್ದಲು ಹಿಡಿದವನ್ನು ತೆಗೆದು ಮರುಬಳಕೆಯ ಪ್ಲಾಸ್ಟಿಕ್ ಸ್ಲೀಪರುಗಳನ್ನು ಹಾಕಲಾಗಿದೆ. ಪ್ಲಾಸ್ಟಿಕ್ ಬಿಸಿಲಿಗೆ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುವುದರಿಂದ ಗೇಜನ್ನು ಯಾವಾಗಲೂ ಬೆಳಗಿನ ಒಂದೇ ಹೊತ್ತಿನಲ್ಲಿ ಅಳೆಯುವುದು ಒಳ್ಳೆಯದು.

ಜೋಡಣೆಗಳ ಸಂದಿಯ ಲೆಕ್ಕವನ್ನೂ ಇಲ್ಲಿ ಬರೆದಿಡುತ್ತೇನೆ. ನಮ್ಮ ಹಳಿ 25×10 ಮಿ.ಮೀ. ಉಕ್ಕಿನ ಪಟ್ಟಿ, ಒಂದೊಂದು ತುಂಡು 3 ಮೀಟರ್. ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಮೀಟರಿಗೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ, ಅಂದರೆ ನಮ್ಮ ತುಂಡು 0.036 ಮಿ.ಮೀ. ಹಳಿ 35 ಡಿಗ್ರಿಯಲ್ಲಿರುವಾಗ 1 ಮಿ.ಮೀ. ಸಂದಿ ಬಿಟ್ಟರೆ ಅದು ಮುಚ್ಚಿಕೊಳ್ಳುವುದು ಸುಮಾರು 63 ಡಿಗ್ರಿಗೆ. ಏಪ್ರಿಲ್ ಬಿಸಿಲಿಗೂ ಇದು ಸಾಕು. 1 ಮಿ.ಮೀ. ತಗಡಿನ ಚೂರನ್ನು ಸಂದಿಯಲ್ಲಿಟ್ಟು, ಎರಡು ತುಂಡುಗಳನ್ನು ಜೋಡಿಸುವ ಫಿಶ್‌ಪ್ಲೇಟಿನ ಬೋಲ್ಟುಗಳನ್ನು ಬಿಗಿದು, ಆಮೇಲೆ ಚೂರನ್ನು ತೆಗೆದಿದ್ದೇವೆ. ಬೋಲ್ಟುಗಳನ್ನು ಪೂರ್ತಿ ಬಿಗಿಯಬಾರದು, ಹಳಿ ಫಿಶ್‌ಪ್ಲೇಟಿನೊಳಗೆ ಜಾರುವಷ್ಟು ಅವಕಾಶವಿರಬೇಕು. ಜಾರದ ಹಳಿ ಬಿಸಿಲಿಗೆ ಪಕ್ಕಕ್ಕೆ ಬಾಗುತ್ತದೆ.

ಉತ್ತರದ ತಿರುವಿನ ತ್ರಿಜ್ಯ 15 ಮೀಟರ್. ಗಂಟೆಗೆ 8 ಕಿ.ಮೀ. ವೇಗಕ್ಕೆ ಲೆಕ್ಕ ಹಾಕಿದರೆ ಹೊರ ಹಳಿ ಸುಮಾರು 6 ಮಿ.ಮೀ. ಎತ್ತರವಿದ್ದಾಗ ಗಾಡಿ ಸಮತೋಲನದಲ್ಲಿರುತ್ತದೆ. ನಾವು 4 ಮಿ.ಮೀ. ಮಾತ್ರ ಕೊಟ್ಟಿದ್ದೇವೆ, ಏಕೆಂದರೆ ಅಲ್ಲಿ ಗಾಡಿ ನಿಂತಾಗ ಒಳಕ್ಕೆ ವಾಲುವುದು ಚಿಕ್ಕ ಮಕ್ಕಳಿಗೆ ಹಿಡಿಸುವುದಿಲ್ಲ. ಆ 4 ಮಿ.ಮೀ. ಎತ್ತರ ತಿರುವಿಗೆ ಮುಂಚಿನ 2 ಮೀಟರಿನಲ್ಲಿ ಗುರುತಿಗೆ 1 ಮಿ.ಮೀ.ನಂತೆ ಏರುತ್ತದೆ. ಕುಸಿದಿದ್ದ ಜೋಡಣೆಯ ಬಳಿ ಈಗ ಯಾವ ಎರಡು ಗುರುತುಗಳ ನಡುವೆಯೂ 1 ಮಿ.ಮೀ.ಗಿಂತ ಹೆಚ್ಚಿನ ತಿರುಚಿಲ್ಲ.

ಶೆಡ್ಡಿನ ಮುಂದಿನ ಪಾಯಿಂಟ್ಸ್ (ಗಾಡಿಯನ್ನು ಒಂದು ಹಳಿಯಿಂದ ಇನ್ನೊಂದಕ್ಕೆ ತಿರುಗಿಸುವ ಜಾಗ) ಕೆಲಸ ಬಾಕಿ ಇದೆ. ಅಲ್ಲಿ ಚಕ್ರ ದಾರಿ ತಪ್ಪದಂತೆ ಹಳಿಯ ಪಕ್ಕಕ್ಕೆ ಹಾಕುವ ಚೆಕ್ ರೈಲ್ ಸವೆದು ಸಂದಿ ಅಗಲವಾಗಿದೆ; ಹೊಸದನ್ನು ಕೋಲಾರದ ಲೇತ್ ಅಂಗಡಿಯಲ್ಲಿ ಮಾಡಲು ಕೊಟ್ಟಿದ್ದೇವೆ. ಅದು ಬರುವವರೆಗೆ ಗಾಡಿಗಳನ್ನು ಸುತ್ತುಹಳಿಯಲ್ಲೇ ನಿಲ್ಲಿಸಿ ಟಾರ್ಪಾಲು ಹೊದಿಸುತ್ತೇವೆ. ಉತ್ತರದ ತಿರುವನ್ನು ಡ್ರಿಪ್ ನೀರು ಬಿಟ್ಟ ಮರುದಿನವೇ ಒಮ್ಮೆ, ಸಂಕ್ರಾಂತಿಯ ಹೊತ್ತಿಗೆ ಇನ್ನೊಮ್ಮೆ ಅಳೆಯಬೇಕಾಗಿದೆ.