ಶಿಂಜುಕುವಿನ ಇಜಕಾಯದಲ್ಲಿ ಐದು ಜನ, ಒಬ್ಬಳು ಸಸ್ಯಾಹಾರಿ

ಶುಕ್ರವಾರ ಸಂಜೆ ಏಳೂವರೆಗೆ, ಐದು ಜನ, ಎಲ್ಲೂ ಸೀಟು ಕಾದಿರಿಸದೆ ಟೋಕಿಯೊದ ಶಿಂಜುಕುಗೆ ಹೋಗಿ ನಿಂತದ್ದು ನಾವು ಮಾಡಿದ ಮೊದಲ ತಪ್ಪು. ಆಫೀಸು ಬಿಟ್ಟವರೆಲ್ಲ ಇಜಕಾಯಗಳಿಗೆ, ಅಂದರೆ ಕುಡಿಯುತ್ತ ತಿನ್ನುವ ಅಂಗಡಿಗಳಿಗೆ, ಹೊರಡುವ ಹೊತ್ತದು. ಸ್ಟೇಷನ್ನಿನ ಪಶ್ಚಿಮ ದಿಕ್ಕಿಗೆ, ಯುದ್ಧಾನಂತರದ ಕಾಳಸಂತೆಯಿಂದ ಬೆಳೆದ ಒಮೊಯ್ದೆ ಯೊಕೊಚೊ ಎಂಬ ಓಣಿಯಿದೆ. ಕೆಂಪು ಲಾಟೀನು, ಕೆಂಡದ ಹೊಗೆ, ಭುಜಕ್ಕೆ ಭುಜ ತಾಗಿಸಿ ಕೂತ ಜನ. ಫೋಟೋದಲ್ಲಿ ನೋಡಿ ಮರುಳಾಗಿದ್ದೆವು. ಆದರೆ ಅಲ್ಲಿನ ಅಂಗಡಿಗಳಲ್ಲಿ ಇರುವುದೇ ಹತ್ತು ಹನ್ನೆರಡು ಸ್ಟೂಲು. ಇಬ್ಬರಾದರೆ ನುಸುಳಬಹುದು, ಐವರಿಗೆ ಆಸೆ ಬೇಡ. ಅಲ್ಲಿ ಹಂದಿಯ ಕರುಳು, ಲಿವರ್ ಸುಡುವ ಅಂಗಡಿಗಳೂ ಹೆಚ್ಚು. ಹಂದಿ ತಿನ್ನದವರು ಕೇಳಿಕೊಂಡೇ ಕೂರಬೇಕು.

ಕೊನೆಗೆ ಪಕ್ಕದ ಬೀದಿಯ ಕಟ್ಟಡವೊಂದರ ನಾಲ್ಕನೇ ಮಹಡಿಯಲ್ಲಿ ಜಾಗ ಸಿಕ್ಕಿತು. ಗುಂಪಿನಲ್ಲಿ ಹೋಗುವವರಿಗೆ ನನ್ನ ಸಲಹೆ ಇದೇ: ಓಣಿಯಲ್ಲಿ ಒಂದು ಸುತ್ತು ಹಾಕಿ, ಊಟಕ್ಕೆ ಮೇಲಿನ ಮಹಡಿಗಳನ್ನು ಹುಡುಕಿ. ಬಾಗಿಲಲ್ಲೇ ಚಪ್ಪಲಿ ಬಿಡಿಸಿದರು. ತೂತಿಲ್ಲದ ಕಾಲುಚೀಲ ಹಾಕಿಕೊಂಡು ಹೋಗಿ ಎಂದು ಯಾರೂ ನಮಗೆ ಹೇಳಿರಲಿಲ್ಲ!

ಕೂತ ತಕ್ಷಣ ಕೈ ಒರೆಸಲು ಬಿಸಿ ಟವೆಲ್ ಬಂತು, ಜೊತೆಗೆ ಕೇಳದೇ ಇದ್ದ ಐದು ಪುಟ್ಟ ಬಟ್ಟಲು. ಕೆಸುವಿನ ಗೆಡ್ಡೆ, ನಡುವೆ ಬೊಂಡಾಸಿನ (ಸ್ಕ್ವಿಡ್) ಚೂರು. ಪುಕ್ಕಟೆ ಎಂದುಕೊಂಡೆವು. ಅಲ್ಲ. ಇದು ಒತೋಶಿ, ಕೂತದ್ದಕ್ಕೆ ಕೊಡುವ ಬಾಡಿಗೆ ಎಂದೇ ತಿಳಿಯಿರಿ. ನಮಗೆ ತಲೆಗೆ 400 ಯೆನ್ ಬಿತ್ತು. ಇಂಥ ಹೆಚ್ಚಿನ ಕಡೆಗಳಲ್ಲಿ ಇದು ಇದ್ದದ್ದೇ, ಮೋಸವೆಂದು ಜಗಳಕ್ಕೆ ಇಳಿಯಬೇಡಿ.

ಇನ್ನು ಸಸ್ಯಾಹಾರಿಗಳ ಪಾಡು. ನಮ್ಮ ಮೈಸೂರಿನ ಗೆಳತಿ ಮೊಟ್ಟೆಯನ್ನೂ ಮುಟ್ಟದವಳು. ಚಿತ್ರದ ಮೆನುವಿನಲ್ಲಿ ಅಗೆದಾಶಿ ತೋಫು ನೋಡಿ ಧೈರ್ಯವಾಗಿ ಬೆರಳಿಟ್ಟಳು. ಕರಿದ ತೋಫು, ಮೇಲೆ ತುರಿದ ಮೂಲಂಗಿ, ಕೆಳಗೆ ತಿಳಿಯಾದ ಕಂದು ಸಾರು. ಎರಡು ತುಂಡು ತಿಂದು ಹೊಗಳಿಯೂ ಆಯಿತು. ಆಗ ಮಂಗಳೂರಿನವನು ಒಂದು ಗುಟುಕು ಸಾರು ಹೀರಿ, "ಇದ್ರಲ್ಲಿ ಒಣಮೀನಿನ ಪರಿಮಳ ಉಂಟು ಮಾರಾಯ್ತಿ" ಎಂದ. ಅವಳು ಚಾಪ್‌ಸ್ಟಿಕ್ ಕೆಳಗಿಟ್ಟಳು.

ಅವನು ಹೇಳಿದ್ದು ಸರಿ. ಒಣಗಿಸಿ ಹೊಗೆಯಾಡಿಸಿದ ಬೊನಿಟೊ ಮೀನಿನ ಚಕ್ಕೆ ಮತ್ತು ಕೊಂಬು ಎಂಬ ಕಡಲ ಪಾಚಿಯಿಂದ ತೆಗೆದ ದಾಶಿ, ಜಪಾನಿನ ಅಡುಗೆಗೆಲ್ಲ ಬುನಾದಿ. ಮಿಸೊ ಸೂಪು, ಬೇಯಿಸಿದ ತರಕಾರಿ, ಆಮ್ಲೆಟ್ಟು, ಎಲ್ಲದರಲ್ಲೂ ಅದು ಇರಬಹುದು. "ವೆಜಿಟೇರಿಯನ್" ಎಂದರೆ ಮಾಂಸದ ತುಂಡು ಬೇಡ ಎಂದಷ್ಟೇ ಅರ್ಥ ಮಾಡಿಕೊಳ್ಳುವವರಿದ್ದಾರೆ. ಹಾಗಾಗಿ "ನಿಕು, ಸಕಾನಾ, ದಾಶಿ ದಾಮೆ ದೆಸು" ಎಂದು ಮೂರನ್ನೂ ಹೆಸರಿಸಿ; ಮಾಂಸ, ಮೀನು, ದಾಶಿ ಆಗದು ಎಂದರ್ಥ. ಫೋನಿನಲ್ಲಿ ಜಪಾನಿ ಅಕ್ಷರದಲ್ಲೇ ಬರೆದಿಟ್ಟುಕೊಂಡು ತೋರಿಸಿದರೆ ಇನ್ನೂ ಒಳ್ಳೆಯದು.

ಆಮೇಲೆ ಅವಳ ಹೊಟ್ಟೆ ತುಂಬಿಸಿದ್ದು ಉಪ್ಪು ಹಾಕಿ ಬೇಯಿಸಿದ ಎದಮಾಮೆ ಎಂಬ ಎಳೆ ಸೋಯಾ ಕಾಯಿ (ನಮ್ಮ ಅವರೆಕಾಯಿ ಪ್ರೀತಿಯವರಿಗೆ ಬಿಡಲಾಗದ ರುಚಿ), ಮೀನಿನ ಚಕ್ಕೆ ಉದುರಿಸದೆ ತರಿಸಿದ ತಣ್ಣನೆಯ ತೋಫು, ಸೌತೆಕಾಯಿ, ಮತ್ತು ಉಮೆ ತುಂಬಿದ ಅನ್ನದುಂಡೆ. ಉಮೆ ಎಂದರೆ ಉಪ್ಪಲ್ಲಿ ಹಾಕಿದ ಹುಳಿ ಹಣ್ಣು. ಉಪ್ಪಿನಕಾಯಿ ಅನ್ನ ತಿಂದು ಬೆಳೆದ ನಾಲಿಗೆಗೆ ಅದು ತವರು. ಸುಟ್ಟ ಮೆಣಸಿನಕಾಯಿಯನ್ನು ಕೋಳಿ ಸುಡುವ ಕೆಂಡದ ಮೇಲೇ ಸುಡುತ್ತಾರೆ. ಅದು ಆಗುತ್ತದೋ ಇಲ್ಲವೋ, ನಿಮ್ಮ ಮಡಿ ನಿಮಗೆ ಬಿಟ್ಟದ್ದು.

ಉಳಿದವರಿಗೆ ಯಾಕಿತೋರಿ, ಅಂದರೆ ಕಡ್ಡಿಗೆ ಚುಚ್ಚಿ ಸುಟ್ಟ ಕೋಳಿಯ ಹಬ್ಬ. ಉಪ್ಪು ಸಾಕೆಂದರೆ ಶಿಯೊ, ಸಿಹಿ ಸೋಯಾ ಸಾಸ್ ಬೇಕೆಂದರೆ ತಾರೆ. ಕೋಳಿಯ ತೊಡೆಗೆ ಈರುಳ್ಳಿದಂಟು ಸೇರಿಸಿದ ನೆಗಿಮಾದಿಂದ ಶುರು ಮಾಡಿ. ಮೃದ್ವಸ್ಥಿಯ ನಾನ್‌ಕೊತ್ಸು ಕಟಕಟ ಎನ್ನುತ್ತದೆ, ನನಗೇನೂ ಹಿಡಿಸಲಿಲ್ಲ. ಒಮ್ಮೆಗೇ ಎಲ್ಲ ಹೇಳಬೇಡಿ. ಎರಡೆರಡು ತಟ್ಟೆ ತರಿಸಿ, ಹಂಚಿಕೊಂಡು, ಮತ್ತೆ "ಸುಮಿಮಾಸೆನ್!" (ಸ್ವಲ್ಪ ಇಲ್ಲಿ ಕೇಳಿ!) ಎಂದು ಕೂಗಿ. ಮೆಲ್ಲಗೆ ಕರೆದರೆ ಆ ಗಲಾಟೆಯಲ್ಲಿ ಯಾರಿಗೂ ಕೇಳದು. ಕೂಗುವುದು ಅಲ್ಲಿ ಒರಟುತನವಲ್ಲ. ಆದರೆ ಚಾಪ್‌ಸ್ಟಿಕ್ಕಿನಿಂದ ಚಾಪ್‌ಸ್ಟಿಕ್ಕಿಗೆ ತಿಂಡಿ ದಾಟಿಸಬೇಡಿ. ಶವಸಂಸ್ಕಾರದ ನಂತರ ಅಸ್ಥಿಯನ್ನು ಹಾಗೆ ಎತ್ತುತ್ತಾರೆ.

ಎರಡು ಗಂಟೆ ಬೇಕಾದಷ್ಟು ಕುಡಿಯುವ ನೊಮಿಹೊದಾಯಿ ಯೋಜನೆಯನ್ನು ಸಾಮಾನ್ಯವಾಗಿ ಟೇಬಲಿನ ಎಲ್ಲರೂ ತೆಗೆದುಕೊಳ್ಳಬೇಕು. ನಮ್ಮಲ್ಲಿ ಇಬ್ಬರು ಊಲಾಂಗ್ ಚಹಾದವರು, ಲೆಕ್ಕ ಹೊಂದಲಿಲ್ಲ, ಬಿಟ್ಟೆವು. 20 ವರ್ಷ ತುಂಬದವರಿಗೆ ಮದ್ಯ ಕೊಡುವುದಿಲ್ಲ. 2020ರ ಏಪ್ರಿಲ್‌ನಿಂದ ಹೋಟೆಲೊಳಗಿನ ಸಿಗರೇಟಿಗೆ ಕಾನೂನಿನ ಕಡಿವಾಣವಿದ್ದರೂ ಕೆಲವು ಸಣ್ಣ ಹಳೆಯ ಅಂಗಡಿಗಳಿಗೆ ವಿನಾಯಿತಿಯಿದೆ. ಮಕ್ಕಳಿದ್ದರೆ ನೋಡಿಕೊಂಡು ಹೋಗಿ.

ಬಿಲ್ಲು ಬಾಗಿಲ ಬಳಿಯ ಕೌಂಟರಿನಲ್ಲಿ. ಟಿಪ್ಸ್ ಇಡುವ ರೂಢಿಯಿಲ್ಲ. ತಲೆಗೆ 3,500 ಯೆನ್ನಿನಷ್ಟಾಯಿತು. ಸಮನಾಗಿ ಹಂಚುವುದು ಅಲ್ಲಿನ ಪದ್ಧತಿ, ಅದಕ್ಕೆ ವಾರಿಕಾನ್ ಎನ್ನುತ್ತಾರೆ, ಮೈಸೂರಿನವಳು ಒಪ್ಪಲಿಲ್ಲ. ತಿಂದಷ್ಟಕ್ಕೆ ಮಾತ್ರ ಕೊಟ್ಟಳು. ಅವಳ ಬಟ್ಟಲಿನ ಬೊಂಡಾಸನ್ನೂ ಸದ್ದಿಲ್ಲದೆ ಮುಗಿಸಿದ್ದ ಮಂಗಳೂರಿನವನೇ ಆ 400 ಯೆನ್ ತೆತ್ತ.